ದೊಡ್ಡತ್ತೆಯ ಟ್ರ್ಯಾಕು, ಸಣ್ಣತ್ತೆಯ ಟ್ರ್ಯಾಕು

ನಮ್ಮೂರಿನಲ್ಲಿ ಯಾರೂ ಒಂದು ಹಾಡನ್ನು ಒಬ್ಬರೇ ಪೂರ್ತಿ ಹಾಡುವುದಿಲ್ಲ. ಹಾಡಿದರೆ ಹಾಡು ಹೋಗಿಬಿಡುತ್ತದೆ. ಕಡೆಯ ಅಕ್ಷರ ಬಾಯಿಂದ ಹೊರಬಿದ್ದ ಕೂಡಲೇ ಪದವೂ ಹೋಗುತ್ತದೆ, ಧಾಟಿಯೂ ಹೋಗುತ್ತದೆ. ಆಮೇಲೆ ನೂರು ಸಲ ಕೇಳಿದರೂ ಆ ಮನುಷ್ಯನಿಗೆ ಅದು ಮತ್ತೆ ಹತ್ತುವುದಿಲ್ಲ. ಆದ್ದರಿಂದ ಪ್ರತಿ ಮನೆಯಲ್ಲಿ ಪ್ರತಿ ಹಾಡಿಗೂ ಇಬ್ಬರಿರುತ್ತಾರೆ. ಮೊದಲಿನವರು ಅರ್ಧ ಹಾಡಿ ಉಸಿರು ತೆಗೆದುಕೊಳ್ಳುವಾಗ ಕಡೆಯವರು ಎತ್ತಿಕೊಳ್ಳುತ್ತಾರೆ. ಶಾಲೆಯ ಪ್ರಾರ್ಥನೆಯಲ್ಲಿ ಎಡಗಡೆಯ ಸಾಲಿನವರು ಮೊದಲರ್ಧ, ಬಲಗಡೆಯವರು ಉಳಿದದ್ದು. ಬಚ್ಚಲಿನಲ್ಲಿ ಹಾಡುವ ಗಂಡಸರು ಕಡೆಯ ಸಾಲು ಹತ್ತಿರ ಬಂತೆಂದರೆ ಬಾಯಿತುಂಬ ನೀರು ತುಂಬಿಕೊಂಡು ಮುಕ್ಕಳಿಸತೊಡಗುತ್ತಾರೆ. ಒಮ್ಮೆ ಹೊರಗಿನಿಂದ ಒಂದು ಭಜನಾ ಮಂಡಳಿ ಬಂದು ಹತ್ತು ಹಾಡು ಭರ್ಜರಿಯಾಗಿ ಹಾಡಿತು. ಜನ ಮೆಚ್ಚಿ, ಮೂರನೆಯದನ್ನು ಇನ್ನೊಮ್ಮೆ ಹಾಡಿ ಎಂದಾಗ ಎಂಟು ಮಂದಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಾಪ, ಊಟ ಮಾಡಿ ಹೋದರು.

ನಾನು ಕಸ್ತೂರಿ, ಬಸ್ ನಿಲ್ದಾಣದ ಹಿಂದೆ ಬ್ಲೌಸ್ ಹೊಲಿಯುತ್ತೇನೆ. ನಮ್ಮ ಮನೆತನದ ತೊಟ್ಟಿಲ ಹಾಡನ್ನು ನಾನು ಕಳೆದುಕೊಂಡದ್ದು ಒಂಬತ್ತನೆಯ ವಯಸ್ಸಿನಲ್ಲಿ. ಮಧ್ಯಾಹ್ನ ಒಬ್ಬಳೇ ಜೋಕಾಲಿ ಆಡುತ್ತ, ಮೈಮರೆತು, ತುದಿಯಿಂದ ತುದಿಗೆ ಹಾಡಿಬಿಟ್ಟೆ. ಜೋಕಾಲಿ ನಿಂತಾಗ ತಲೆಯಲ್ಲಿ ಏನೂ ಇರಲಿಲ್ಲ. ಅಂದಿನಿಂದ ಆ ಹಾಡನ್ನು ಎಷ್ಟು ಸಲ ಕೇಳಿದರೂ ನನಗೆ ಅದು ಮೊದಲ ಸಲವೇ. ಆದ್ದರಿಂದ ಅದರ ಒಂದು ಪದವನ್ನೂ ಇಲ್ಲಿ ಬರೆಯಲಾರೆ, ಕ್ಷಮಿಸಬೇಕು.

ಆ ಹಾಡು ಉಳಿದಿದ್ದದ್ದು ನನ್ನ ಅಪ್ಪನ ಇಬ್ಬರು ಅಕ್ಕತಂಗಿಯರಲ್ಲಿ. ದೊಡ್ಡತ್ತೆ ಸೋಮವ್ವ ಮೊದಲಿನವಳು, ಸಣ್ಣತ್ತೆ ಫಕೀರವ್ವ ಕಡೆಯವಳು. ಗಂಡಂದಿರು ತೀರಿಕೊಂಡ ಮೇಲೆ ಇಬ್ಬರೂ ಒಂದೇ ಮನೆಯನ್ನು ಎರಡು ಮಾಡಿಕೊಂಡು, ನಡುವೆ ಒಂದು ಗೋಡೆ ಇಟ್ಟುಕೊಂಡು ಇದ್ದರು. ಹನ್ನೊಂದು ವರ್ಷದ ಹಿಂದೆ ನನ್ನ ತಮ್ಮನ ಮಗನಿಗೆ ಹೆಸರಿಡುವ ದಿನ ದೊಡ್ಡತ್ತೆ ತನ್ನ ಪಾಲು ಮುಗಿಸಿ ತಿರುಗಿ ನೋಡಿದರೆ ಸಣ್ಣತ್ತೆಯ ಬಾಯಿತುಂಬ ಎಲೆ ಅಡಿಕೆ. ಹಾಡು ನಡುವೆ ನಿಲ್ಲಬಾರದೆಂದು ದೊಡ್ಡತ್ತೆ ಮುಂದಿನ ಒಂದು ಸಾಲನ್ನು ತಾನೇ ಹಾಡಿದಳು. ಸಣ್ಣತ್ತೆ ಎಲೆ ಅಡಿಕೆ ಉಗುಳಿ ಎದ್ದು ನಿಂತು, “ನನ್ನ ಸಾಲಿಗೆ ಕೈ ಹಾಕಿದಿ” ಎಂದವಳು ಮತ್ತೆ ಅಕ್ಕನ ಜೊತೆ ಮಾತಾಡಲಿಲ್ಲ. ಆಮೇಲೆ ಹುಟ್ಟಿದ ಮೂರು ಕೂಸುಗಳಿಗೆ ಅರ್ಧ ಹಾಡಿನಲ್ಲೇ ಹೆಸರಿಟ್ಟೆವು. ಯಾವ ಅತ್ತೆ ಮೊದಲು ಬರುತ್ತಾಳೋ ಆ ಅರ್ಧ.

ಈ ವರ್ಷ ನನ್ನ ಮಗಳು ಬಸುರಾದಳು. ಅವಳಿಗೆ ಎಂಟು ತಿಂಗಳು ತುಂಬುವ ಹೊತ್ತಿಗೆ ದೊಡ್ಡತ್ತೆಯ ಗಂಟಲಲ್ಲಿ ಗಂಟು ಕಾಣಿಸಿತು. ನಗರದ ಆಸ್ಪತ್ರೆಯಲ್ಲಿ ಆಪರೇಶನ್ನಿಗೆ ದಿನ ಗೊತ್ತಾಯಿತು. ಧ್ವನಿ ಹೀಗೇ ಉಳಿಯುತ್ತದೆ ಎಂದು ಹೇಳಲಾರೆ, ಬರದೆಯೂ ಹೋಗಬಹುದು, ಹೇಗಿದ್ದರೂ ಆಮೇಲೆ ಮೂವತ್ತು ದಿನ ಒಂದಕ್ಷರ ಮಾತಾಡಕೂಡದು ಎಂದರು ಡಾಕ್ಟರು. ನಮ್ಮ ಕೈಯಲ್ಲಿ ಹದಿನೈದು ದಿನ ಇತ್ತು. ಸಣ್ಣತ್ತೆಯನ್ನು ಅಕ್ಕನ ಪಕ್ಕ ಕೂರಿಸುವುದು ಹದಿನೈದು ವರ್ಷದಲ್ಲೂ ಆಗುವ ಮಾತಲ್ಲ.

ನನ್ನ ಅಂಗಡಿಯ ಎದುರು ದಸ್ತಗೀರ್ ಕಾಕಾ ಹಾರ್ಮೋನಿಯಂ ರಿಪೇರಿ ಮಾಡುತ್ತಾರೆ. ಮೂವತ್ತು ವರ್ಷ ಮದುವೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡು ನುಡಿಸಿ, ಸ್ಪೀಕರಿನ ಪಕ್ಕ ನಿಂತೂ ನಿಂತೂ ಅವರ ಎಡಗಿವಿ ಕೆಲಸ ಬಿಟ್ಟಿತ್ತು. ನನ್ನ ಕಷ್ಟ ಕೇಳಿ ಅವರು, “ಇಬ್ಬರನ್ನ ಕೂಡಸೂದು ಎದಕ್ಕ? ಬ್ಯಾರೆ ಬ್ಯಾರೆ ಹಾಡಸು, ಕಂಪ್ಯೂಟರಿನ್ಯಾಗ ಜೋಡಸು” ಎಂದರು. ಕಸೂತಿ ಮಷಿನ್ನಿಗೆ ಡಿಸೈನು ಹಾಕಲೆಂದು ತಂದ ಲ್ಯಾಪ್‌ಟಾಪು ನನ್ನಲ್ಲಿತ್ತು. ಕಾಕಾ ಅದಕ್ಕೆ ರೆಕಾರ್ಡಿಂಗ್ ಸಾಫ್ಟ್‌ವೇರು ಹಾಕಿಕೊಟ್ಟು, ಒಂದು ಮೈಕು, ಒಂದು ಹೆಡ್‌ಫೋನು, ಮೈಕಿನ ವೈರು ಸಿಕ್ಕಿಸುವ ಒಂದು ಸಣ್ಣ ಪೆಟ್ಟಿಗೆ ತಂದಿಟ್ಟರು.

ತೆರೆದು ನೋಡಿದರೆ ಪರದೆಯ ತುಂಬ ಗುಂಡಿಗಳು. ನನಗೆ ಗಾಬರಿಯಾಯಿತು.

“ಹೆದರಬ್ಯಾಡ. ಹೊಲಿಗಿ ಇದ್ದಂಗನ ಇದು,” ಎಂದರು ಕಾಕಾ. “ಅಡ್ಡ ಒಂದೊಂದು ಪಟ್ಟಿ ಐತಲ್ಲ, ಅದು ಟ್ರ್ಯಾಕು. ತೋಳು ಬ್ಯಾರೆ, ಬೆನ್ನು ಬ್ಯಾರೆ ಕತ್ತರಸ್ತೀಯಲ್ಲ, ಹಂಗ. ಮೊದಲ ಹೆಸರ ಬರಿ. ಹೆಸರ ಇಲ್ಲದ ಟ್ರ್ಯಾಕು ನಾಳಿಗೆ ಯಾರದಂತ ಗೊತ್ತಾಗೂದಿಲ್ಲ.”

ಮೇಲಿನ ಪಟ್ಟಿಗೆ ದೊಡ್ಡತ್ತೆ ಎಂದೂ ಕೆಳಗಿನದಕ್ಕೆ ಸಣ್ಣತ್ತೆ ಎಂದೂ ಬರೆದೆ. ಹನ್ನೊಂದು ವರ್ಷದ ಮೇಲೆ ಇಬ್ಬರೂ ಒಂದರ ಕೆಳಗೊಂದು ಸುಮ್ಮನೆ ಮಲಗಿದ್ದನ್ನು ನೋಡಿ ಅಷ್ಟಕ್ಕೇ ನನಗೆ ಸಮಾಧಾನವಾಯಿತು.

ಮೊದಲ ದಿನ ದೊಡ್ಡತ್ತೆಯ ಪಡಸಾಲೆಯಲ್ಲಿ ಎಲ್ಲ ಜೋಡಿಸಿದೆವು. ಮೈಕನ್ನು ನನ್ನ ಮರದ ಅಳತೆಪಟ್ಟಿಗೆ ಕಟ್ಟಿ ಕುರ್ಚಿಗೆ ನಿಲ್ಲಿಸಿದೆ. ದೊಡ್ಡತ್ತೆ ಇಳಕಲ್ ಸೀರೆ ಉಟ್ಟು, ಫೋಟೋಕ್ಕೆ ಕೂತ ಹಾಗೆ ಕೂತಳು. ಹೆಡ್‌ಫೋನು ಹಾಕಿ, ತಾಳದ ಟಿಕ್ ಟಿಕ್ ಶುರು ಮಾಡಿದ ಕೂಡಲೇ ಬೆಚ್ಚಿದಳು.

“ಯಾರದು ಬಾಗಲಾ ಬಡಿಯೋರು?”

“ಯಾರೂ ಇಲ್ಲತ್ತಿ. ಅದು ತಾಳ, ಕಂಪ್ಯೂಟರಿನ್ಯಾಗಿಂದು. ಅದರ ಕೂಡ ನೀ ಹಾಡಬೇಕು.”

“ನನಗ ತಾಳಾ ಹಾಕಾಕ ಅದ್ಯಾರು? ಅದು ಹುಟ್ಟೂ ಮೊದಲ ಹಾಡೇನಿ ನಾ.”

ಆದರೂ ಹಾಡಿದಳು. ಒಂದು ಸಾಲು ಟಿಕ್ಕಿಗಿಂತ ಮುಂದೆ ಹೋಗಿ, ನಿಂತು, ಅದು ಬರಲೆಂದು ಕಾದಳು. ಮುಂದಿನ ಸಾಲಿನಲ್ಲಿ ಅದು ಮುಂದೆ ಹೋಯಿತು, ಇವಳು ಹಿಂದೆ ಉಳಿದಳು. ನಾಲ್ಕು ಸಲ ಹೀಗಾದ ಮೇಲೆ ಹೆಡ್‌ಫೋನು ತೆಗೆದಿಟ್ಟು, “ಅದಕ್ಕ ಬುದ್ಧಿ ಹೇಳು. ನನ್ನ ಹಿಂದ ಬರಲಿ,” ಎಂದಳು.

ಕಾಕಾ ಟಿಕ್ ಟಿಕ್ ಬಂದ್ ಮಾಡಿದರು. ದೊಡ್ಡತ್ತೆ ತಾನಾಗಿ ಒಳಗೆ ಹೋಗಿ ಹಳೆಯ ತೊಟ್ಟಿಲು ಎಳೆದು ತಂದು, ಖಾಲಿ ತೊಟ್ಟಿಲನ್ನೇ ಕಾಲಿನಿಂದ ತೂಗತೊಡಗಿದಳು. ಕಿರ್, ಕಿರ್ ಎಂದು ಅದು ಒಂದೇ ಹದದಲ್ಲಿ ಕಿರುಗುಟ್ಟಿತು. ಅದರ ಮೇಲೆ ಹಾಡು ಕೂತಿತು. ಕಣ್ಣು ಮುಚ್ಚಿ, ತನ್ನ ಅರ್ಧವನ್ನು ಎಲ್ಲೂ ತಡವರಿಸದೆ ಹಾಡಿದಳು. ಗಂಟಲು ಅಲ್ಲಲ್ಲಿ ಒಡೆಯುತ್ತಿತ್ತು, ಆದರೂ ನನ್ನ ಕಣ್ಣಲ್ಲಿ ನೀರು ಬಂತು. ಕಣ್ಣೊರೆಸಿಕೊಂಡು ಪರದೆ ನೋಡಿದರೆ ದೊಡ್ಡತ್ತೆಯ ಪಟ್ಟಿ ಒಗೆದು ಇಸ್ತ್ರಿ ಮಾಡಿದ ಹಾಗೆ ಸಪಾಟಾಗಿತ್ತು. ಆ ಪಟ್ಟಿಗೆ ಕೇಳಿಸಿಕೋ ಎಂದು ಹೇಳುವ ಪುಟ್ಟ ಕೆಂಪು ಗುಂಡಿಯನ್ನು ನಾನು ಒತ್ತಿಯೇ ಇರಲಿಲ್ಲ.

ದೊಡ್ಡತ್ತೆ ನನ್ನ ಮುಖ ನೋಡಿಯೇ ತಿಳಿದುಕೊಂಡು, “ಸೂಜಿಗೆ ದಾರಾನ ಪೋಣಿಸಿರಲಿಲ್ಲ ಅನ್ನು,” ಎಂದು ನಕ್ಕಳು. ನಕ್ಕದ್ದಕ್ಕೆ ಕೆಮ್ಮು ಬಂತು. ಅವತ್ತಿನ ಕೆಲಸ ಅಲ್ಲಿಗೆ ನಿಂತಿತು.

ಎರಡನೆಯ ದಿನ ಕೆಂಪು ಗುಂಡಿ ಒತ್ತಿದೆ. ಒತ್ತಿದ್ದೇನೆಂದು ಕಾಕಾನಿಗೆ ಮೂರು ಸಲ ತೋರಿಸಿದೆ. ಧ್ವನಿ ಹೆಚ್ಚಾಗಿ ಪರದೆಯ ಗೆರೆ ಕೆಂಪಾಗುತ್ತಿದ್ದುದರಿಂದ ಮೈಕನ್ನು ಒಂದು ಗೇಣು ಹಿಂದೆ ಸರಿಸಿದೆವು. ದೊಡ್ಡತ್ತೆ ಬಾಯಿ ತೆರೆದಳೋ ಇಲ್ಲವೋ, ಗೋಡೆಯಾಚೆ ಧಡ್ ಧಡ್ ಎಂದು ಕುಟ್ಟುವ ಸದ್ದು ಶುರುವಾಯಿತು. ಸಣ್ಣತ್ತೆ ಒರಳಿನಲ್ಲಿ ಶೇಂಗಾ ಚಟ್ನಿ ಕುಟ್ಟುತ್ತಿದ್ದಳು. ಹಾಡು ನಿಂತರೆ ಒನಕೆ ನಿಲ್ಲುತ್ತಿತ್ತು, ಹಾಡು ಎದ್ದರೆ ಒನಕೆ ಏಳುತ್ತಿತ್ತು. ಒಬ್ಬಳಿರುವ ಮನೆಗೆ ಅವತ್ತು ಎರಡು ಸೇರು ಚಟ್ನಿಯಾಗಿರಬೇಕು.

ಅಂಗಡಿಗೆ ಬಂದು ಕೇಳಿದೆ. ನನ್ನ ತೊಂದರೆ ಅಲ್ಲಿ ಗೊತ್ತಾಯಿತು. ಒಂದು ಸಾಲು ಕೇಳಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಹಿಂದಿನದು ತಲೆಯಿಂದ ಜಾರಿಹೋಗಿರುತ್ತಿತ್ತು. ನೆನಪಿರದ ಹಾಡನ್ನು ಹೊಂದಿಸುವುದು ಹೇಗೆ? ಆದರೆ ಪರದೆಯ ಮೇಲೆ ಧ್ವನಿಯ ಆಕಾರ ಕಾಣುತ್ತಿತ್ತಲ್ಲ, ಸೀರೆಯ ದಡಿಯ ಹಾಗೆ ಏರಿ ಇಳಿದು. ಉಸಿರೆಳೆದಲ್ಲಿ ಸಣ್ಣ ಗೆರೆ, ಜೋರು ಬಂದಲ್ಲಿ ಗೋಪುರ, ತೊಟ್ಟಿಲು ಕಿರುಗುಟ್ಟಿದಲ್ಲೆಲ್ಲ ಒಂದು ಮುಳ್ಳು. ಕಿವಿಗೆ ಬಾರದ್ದು ಕಣ್ಣಿಗೆ ಬಂತು. ನಾನು ಅಳತೆಯ ಟೇಪು ತೆಗೆದು ಪರದೆಯ ಮೇಲಿಟ್ಟು ಮುಳ್ಳಿನಿಂದ ಮುಳ್ಳಿಗೆ ಅಳೆಯುತ್ತಿದ್ದುದನ್ನು ಕಂಡು ಕಾಕಾ ಬಾಗಿಲಲ್ಲೇ ಕೂತು ನಕ್ಕರು.

ಮರುದಿನ ಸಣ್ಣತ್ತೆಯ ಮನೆಗೆ ಹೋದೆ.

“ಅಕಿ ಹಾಡಿದ್ದು ನಾ ಎದಕ್ಕ ಕೇಳಲಿ?”

“ನಿನ್ನ ಸಾಲಿಗೆ ಕೈ ಹಾಕ್ಯಾಳೇನು ನೋಡಬೇಕಲ್ಲತ್ತಿ. ನಾಳಿಗೆ ಕಂಪ್ಯೂಟರಿನ್ಯಾಗ ಕಾಯಂ ಉಳಿತೈತಿ ಇದು.”

ಈ ಮಾತು ನಾಟಿತು. ಸೆರಗು ಸರಿಮಾಡಿಕೊಂಡು, ಪಂಚಾಯ್ತಿಗೆ ಕೂತವಳ ಹಾಗೆ ಬೆನ್ನು ನೆಟ್ಟಗೆ ಮಾಡಿ, “ಹಾಕು ಕಿವಿಗೆ,” ಎಂದಳು. ನಾನು ಹಾಡು ಬಿಟ್ಟೆ. ಮೊದಲು ಹುಬ್ಬು ಗಂಟು ಹಾಕಿಕೊಂಡು ಕೇಳಿದಳು. ಆಮೇಲೆ ಹುಬ್ಬು ಸಡಿಲಾಯಿತು. ಆಮೇಲೆ ಮತ್ತೆ ಗಂಟಾಯಿತು.

“ಹಿಂದ ಏನದು ಧಡಾ ಧಡಾ?”

“ನೀನ.”

ಅವಳು ಬೇರೆ ಕಡೆ ನೋಡಿದಳು. ಸ್ವಲ್ಪ ಹೊತ್ತು ಕೇಳಿ, “ಅಕಿ ದನಿಗೆ ಏನಾಗೇತಿ?” ಎಂದಳು.

ಹೇಳಿದೆ. ಗಂಟಲ ಗಂಟು, ಆಪರೇಶನ್ನು, ಧ್ವನಿ ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಎಂಬುದು, ಎಲ್ಲ. ಗೋಡೆಯಾಚೆಯ ಮಾತು ಇವಳಿಗೆ ಗೊತ್ತೇ ಇರಲಿಲ್ಲ.

“ನನಗ ಯಾರೂ ಹೇಳಲಿಲ್ಲ.”

“ನೀ ಕೇಳಲಿಲ್ಲತ್ತಿ.”

ಹೆಡ್‌ಫೋನನ್ನು ಜೋಪಾನವಾಗಿ ತೆಗೆದು ನನ್ನ ಕೈಗೆ ಕೊಟ್ಟಳು. “ನಾಳೆ ಅಕಿ ಕಡೆ ಇನ್ನೊಮ್ಮೆ ಹಾಡಸು. ನನ್ನ ಚಟ್ನಿ ಮುಗದೇತಿ.”

ಮರುದಿನ ದೊಡ್ಡತ್ತೆ ಹಾಡುವಾಗ ಗೋಡೆಯಾಚೆ ಒಂದು ಲೋಟ ಇಟ್ಟ ಸದ್ದೂ ಬರಲಿಲ್ಲ. ಆ ಸಲದ್ದು ಹದವಾಗಿ ಬಂತು. ಕಾಕಾ ನಿಂತಲ್ಲೇ ತಲೆದೂಗಿ, “ಸೇವ್ ಮಾಡು, ಸೇವ್ ಮಾಡು” ಎಂದು ಗಡಿಬಿಡಿ ಮಾಡಿದರು.

ಇನ್ನು ಸಣ್ಣತ್ತೆಯ ಪಾಲು. ಅವಳು ಅಕ್ಕನ ಅರ್ಧವನ್ನು ಕಿವಿಯಲ್ಲಿ ಕೇಳುತ್ತ, ಅದು ಮುಗಿದಲ್ಲಿ ತನ್ನದನ್ನು ಎತ್ತಿಕೊಳ್ಳಬೇಕು. ತಾಳಕ್ಕೆ ತೊಟ್ಟಿಲ ಕಿರುಗು ಇತ್ತು. ಆದರೆ ಎತ್ತಿಕೊಳ್ಳುವ ಹೊತ್ತಿಗೆ ಸರಿಯಾಗಿ ಮೈಕಿಗೆ ಬಾಯಿಟ್ಟು, “ಇಲ್ಲಿಂದ ನನ್ನ ಪಾಲು. ಎಲ್ಲಾರಿಗೂ ಕೇಳಿಸ್ತಿಲ್ಲೊ?” ಎಂದಳು. ಅದೂ ರೆಕಾರ್ಡಾಯಿತು. ತಂಗಿ ಏನು ಹಾಡಿದಳೆಂದು ದೊಡ್ಡತ್ತೆ ಹಟ ಮಾಡಿ ಕೇಳಿಸಿಕೊಂಡಳು. “ಪಾಲು ಅಂತ ಹೇಳಾಕ ಇದೇನು ಹೊಲಾನ? ಇದಕ್ಕ ನಂದೊಂದು ಜವಾಬು ಹಾಕು” ಎಂದಳು. ಹಾಕಿದೆ. ಸಣ್ಣತ್ತೆ ಅದಕ್ಕೆ ಉತ್ತರ ಕೊಟ್ಟಳು. ನಾಲ್ಕು ದಿನ ಲ್ಯಾಪ್‌ಟಾಪು ಹೊತ್ತುಕೊಂಡು ಈ ಬಾಗಿಲು ಆ ಬಾಗಿಲು ಅಲೆದೆ. ಹಾಡಿನ ಟ್ರ್ಯಾಕು ಎರಡಿದ್ದವು; ಜಗಳ ಒಂದು, ಜಗಳ ಎರಡು ಎಂದು ಹೆಸರಿಟ್ಟವು ಹನ್ನೊಂದಾದವು. ಎಲೆ ಅಡಿಕೆಯಿಂದ ಹಿಡಿದು, ಚಿಕ್ಕಂದಿನಲ್ಲಿ ಯಾರು ಯಾರ ರಿಬ್ಬನ್ ಕದ್ದರು ಎಂಬಲ್ಲಿಯವರೆಗೆ ಎಲ್ಲ ಬಂತು.

“ಅಳಿಸಿಬಿಡ್ಲೇನ್ರಿ ಕಾಕಾ?” ಎಂದು ಕೇಳಿದೆ.

“ಅಳಸಬ್ಯಾಡ. ಇಲ್ಲಿ ಮ್ಯೂಟ್ ಅಂತ ಐತಿ ನೋಡು, ಅದನ್ನ ಒತ್ತು. ಇರತಾವ, ಆದ್ರ ಬಾಯಿ ಬಿಡೂದಿಲ್ಲ.”

ಒತ್ತಿದೆ. ನಮ್ಮ ಇಬ್ಬರು ಅತ್ತೆಯರ ಬಾಯಿ ಮುಚ್ಚಿಸುವ ಗುಂಡಿ ಇಷ್ಟು ಸಣ್ಣದಿರುತ್ತದೆಂದು ನಾನು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ಶನಿವಾರ ಸಣ್ಣತ್ತೆ ಜಗಳ ಬಿಟ್ಟು ನಿಜವಾಗಿ ಹಾಡಲು ಕೂತಳು. ಹೆಡ್‌ಫೋನಿನಲ್ಲಿ ಅಕ್ಕನ ಅರ್ಧ ಹೋಗುತ್ತಿತ್ತು. ಅವಳು ಕಣ್ಣು ಮುಚ್ಚಿ, ಇಲ್ಲದ ತೊಟ್ಟಿಲನ್ನು ಕಾಲಿನಿಂದ ತೂಗುತ್ತಿದ್ದಳು. ತನ್ನ ಪಾಲು ಬಂದಾಗ ಎತ್ತಿಕೊಂಡಳು. ಏನು ಧ್ವನಿ ಅದು! ಹನ್ನೊಂದು ವರ್ಷ ಮಡಿಸಿಟ್ಟ ರೇಷ್ಮೆಯ ಪತ್ತಲ ಬಿಚ್ಚಿದ ಹಾಗೆ. ಒಂದು ನುಡಿ ಆಯಿತು, ಎರಡನೆಯದಕ್ಕೆ ಬಂದಳು. ಆಗ ನನ್ನ ಕಣ್ಣು ಪರದೆಯಲ್ಲಿ ಆಗಲೇ ಸರಿದುಹೋದ ಭಾಗಕ್ಕೆ ಹೋಯಿತು. ದೊಡ್ಡತ್ತೆ ಹಾಡಿದ ಜಾಗದಲ್ಲೆಲ್ಲ, ಕೆಳಗೆ ಸಣ್ಣತ್ತೆಯ ಪಟ್ಟಿಯಲ್ಲೂ ಸಣ್ಣ ಸಣ್ಣ ಅಲೆಗಳಿದ್ದವು. ಸಪಾಟಾಗಿ ಇರಬೇಕಾದಲ್ಲಿ ಅಲೆ! ಅವಳು ಮೊದಲಿನಿಂದಲೂ ಅಕ್ಕನ ಜೊತೆಗೆ ಪಿಸುದನಿಯಲ್ಲಿ ಹಾಡಿಕೊಂಡೇ ಬಂದಿದ್ದಳು. ಈಗ ಕಡೆಯ ಸಾಲು ಹಾಡಿದರೆ ಹಾಡು ಪೂರ್ತಿಯಾಗುತ್ತದೆ.

ನಾನು ಹೆಡ್‌ಫೋನಿನ ವೈರು ಕಿತ್ತೆ. ಅಷ್ಟಕ್ಕೂ ನಿಲ್ಲಲಿಲ್ಲ. ಕೈ ಚಾಚಿ ಅವಳ ಬಾಯಿ ಮುಚ್ಚಿದೆ.

“ಏನಾಗೇತಿ ನಿನಗ?” ಎಂದು ನನ್ನ ಕೈ ತಳ್ಳಿದಳು.

“ನೀ ಮೊದಲಿಂದ ಹಾಡಾಕತ್ತೀದಿ. ದೊಡ್ಡತ್ತಿಂದೂ ಹಾಡೀದಿ, ನಿಂದೂ ಹಾಡೀದಿ. ಇನ್ನೊಂದ ಸಾಲ ಇತ್ತು.”

ಸಣ್ಣತ್ತೆ ಎರಡೂ ಕೈ ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿ ಕೂತಳು. ಒಳಗೊಳಗೇ ಏನೋ ಹುಡುಕಿಕೊಳ್ಳುವವಳ ಹಾಗೆ ಕಣ್ಣು ಆಡಿಸಿದಳು. ಕಡೆಗೆ, “ಐತಿ,” ಎಂದಳು. “ಹೋಗಿಲ್ಲ.”

ನಾನು ಲ್ಯಾಪ್‌ಟಾಪು ಮುಚ್ಚಿಕೊಂಡು ಕಾಕಾನ ಅಂಗಡಿಗೆ ಓಡಿದೆ. ಹಾಡು ಉಳಿಸಲು ಹೋಗಿ ಇರುವುದನ್ನೂ ಕಳೆಯುತ್ತಿದ್ದೆ. ಕಾಕಾ ಒಂದು ಹಾರ್ಮೋನಿಯಂ ಪಟ್ಟಿ ಉಜ್ಜುತ್ತಲೇ ಕೇಳಿಸಿಕೊಂಡು, “ಕಡೀ ಸಾಲ ಮೊದಲ ಹಾಡಸು,” ಎಂದರು. “ನಾಳೆ ಮುಂಜಾನೆ ಎದ್ದ ಕೂಡಲೇ ಅದೊಂದ ಸಾಲ. ಚಾ ಕುಡದ ಮ್ಯಾಲೆ ಉಳದದ್ದು. ಹಾಡಿನ ಮೊದಲಿನ ಬರೇ ತೊಟ್ಟಿಲ ಸಪ್ಪಳ ಅಷ್ಟ ಕತ್ತರಸಿ ಕಿವಿಗೆ ಕೊಡು, ಅಕ್ಕನ ದನಿ ಕೊಡಬ್ಯಾಡ. ಯಾವುದು ಮೊದಲ, ಯಾವುದು ಕಡೀಕ ಅಂತ ಕಂಪ್ಯೂಟರಿಗೆ ಏನೂ ಹಟ ಇಲ್ಲ.”

ಹಾಗೇ ಮಾಡಿದೆವು. ಭಾನುವಾರ ಮುಂಜಾನೆ ಸಣ್ಣತ್ತೆ ಕಡೆಯ ಸಾಲು ಹಾಡಿ, ಚಹಾ ಕುಡಿದು, ನಡುವಿನದನ್ನು ಹಾಡಿದಳು. ನಾನು ತುಂಡುಗಳನ್ನು ಕತ್ತರಿಸಿ, ಮುಳ್ಳಿಗೆ ಮುಳ್ಳು ಕೂರಿಸಿ, ಒಂದರ ಅಂಚನ್ನು ಇನ್ನೊಂದರ ಮೇಲೆ ಸ್ವಲ್ಪ ಹತ್ತಿಸಿ ಜೋಡಿಸಿದೆ, ಹೊಲಿಗೆ ಕಾಣಬಾರದಲ್ಲ. ಶನಿವಾರದ ಕೆಟ್ಟ ಟೇಕನ್ನು ತೆಗೆದುಹಾಕುವ ಮುನ್ನ ಒಮ್ಮೆ ಕೇಳಿದೆ. ದೊಡ್ಡತ್ತೆಯ ಅರ್ಧ ಮುಗಿಯುವಲ್ಲಿ ಅವಳ ಗಂಟಲು ಒಡೆಯುತ್ತದೆ. ಸರಿಯಾಗಿ ಅಲ್ಲಿ, ಕೆಳಗಿನ ಪಟ್ಟಿಯಲ್ಲಿ, ಸಣ್ಣತ್ತೆ ಯಾರಿಗೂ ಕೇಳಬಾರದೆಂಬಷ್ಟು ಮೆಲ್ಲಗೆ, “ಅಕ್ಕಾ, ನೀರ ಕುಡಿ,” ಎಂದಿದ್ದಳು. ಅಷ್ಟನ್ನು ಕತ್ತರಿಸಿ ಬೇರೆ ಟ್ರ್ಯಾಕಿನಲ್ಲಿಟ್ಟೆ. ಅದಕ್ಕೆ ಏನು ಹೆಸರಿಡಬೇಕೆಂದು ತಿಳಿಯದೆ ಖಾಲಿ ಬಿಟ್ಟೆ.

ಸೋಮವಾರ ದೊಡ್ಡತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟಾಗ ಸಣ್ಣತ್ತೆ ತನ್ನ ಬಾಗಿಲಲ್ಲಿ ನಿಂತಿದ್ದಳು. ಆಟೋ ತಿರುವು ದಾಟುವವರೆಗೆ ನಿಂತೇ ಇದ್ದಳು.

ಆಪರೇಶನ್ ಸುಸೂತ್ರವಾಯಿತು. ಧ್ವನಿಯ ಮಾತು ತಿಂಗಳಾದ ಮೇಲೆ ಎಂದರು. ವಾರದಲ್ಲಿ ನನ್ನ ಮಗಳು ಹೆಣ್ಣು ಹಡೆದಳು. ಹದಿಮೂರನೆಯ ದಿನ ತೊಟ್ಟಿಲು ಕಟ್ಟಿದೆವು. ಓಣಿಯ ಹಿರಿಯರು ಮೊದಲೇ ಬಂದು ತಕರಾರು ತೆಗೆದರು: ಪೂರ್ತಿ ಹಾಡು ಒಂದೇ ಪೆಟ್ಟಿಗೆಯ ಬಾಯಿಂದ ಬಂದರೆ, ಅದರಲ್ಲಿ ಧ್ವನಿ ಇಟ್ಟ ಇಬ್ಬರಿಗೂ ಮರೆತುಹೋಗುವುದಿಲ್ಲವೇ? ಕಾಕಾ ಸ್ಪೀಕರಿಗೆ ವೈರು ಸಿಕ್ಕಿಸುತ್ತ, “ಹಾಡೂದು ಪೆಟ್ಟಿಗಿ. ಮರತ್ರ ಅದು ಮರೀಲಿ ಬಿಡ್ರಿ,” ಎಂದರು.

ದೊಡ್ಡತ್ತೆ ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಈ ಮೂಲೆಯಲ್ಲಿ, ಸಣ್ಣತ್ತೆ ಆ ಮೂಲೆಯಲ್ಲಿ ಕೂತಿದ್ದರು. ನಾನು ಗುಂಡಿ ಒತ್ತಿದೆ. ತೊಟ್ಟಿಲ ಕಿರುಗು, ಅದರ ಮೇಲೆ ದೊಡ್ಡತ್ತೆಯ ಹಳೆಯ ಧ್ವನಿ. ಮೊದಲರ್ಧ ಮುಗಿಯುತ್ತ ಬಂತು, ಗಂಟಲು ಒಡೆಯಿತು, ಸ್ಪೀಕರಿನಿಂದ ಇಡೀ ಪಡಸಾಲೆಗೆ ಕೇಳುವ ಹಾಗೆ ಬಂತು: “ಅಕ್ಕಾ, ನೀರ ಕುಡಿ.”

ಹೌದು, ಆ ಟ್ರ್ಯಾಕನ್ನು ನಾನು ಮ್ಯೂಟ್ ಮಾಡಿರಲಿಲ್ಲ. ಮರೆತದ್ದಲ್ಲ. ಎಲ್ಲರೂ ತಿರುಗಿ ನೋಡಿದರು. ಸಣ್ಣತ್ತೆ, ತನ್ನ ಹೊಸ ಬ್ಲೌಸನ್ನು ನಾನು ಎರಡು ಇಂಚು ಗಿಡ್ಡ ಕತ್ತರಿಸಿದ ಹಾಗೆ ನನ್ನನ್ನೇ ದುರುಗುಟ್ಟಿ ನೋಡಿದಳು. ದೊಡ್ಡತ್ತೆ ಮಂಡಿ ಹಿಡಿದುಕೊಂಡು ಎದ್ದಳು. ಕೊಡದ ಹತ್ತಿರ ಹೋಗಿ ಒಂದು ತಂಬಿಗೆ ನೀರು ತೆಗೆದುಕೊಂಡು, ತಂಗಿಯ ಕಡೆ ತಿರುಗಿ ನಿಂತು, ಗುಟುಕು ಗುಟುಕಾಗಿ ಪೂರ್ತಿ ಕುಡಿದಳು. ಅಷ್ಟರಲ್ಲಿ ಸ್ಪೀಕರಿನಲ್ಲಿ ಎರಡನೆಯ ಅರ್ಧ ಶುರುವಾಗಿ ಮುಗಿದೂ ಹೋಯಿತು. ಕೂಸಿಗೆ ಹೆಸರಿಟ್ಟೆವು.

ಯಾರಿಗೂ ಏನೂ ಮರೆಯಲಿಲ್ಲ. ಮತ್ತೆ ಒತ್ತಿದರೆ ಹಾಡು ಅಲ್ಲೇ ಇತ್ತು. ಓಣಿಯವರಿಗೆ ಆಶ್ಚರ್ಯ ತಡೆಯಲಾಗದೆ ಏಳು ಸಲ ಹಾಕಿಸಿದರು. ಐದನೆಯ ಸಲಕ್ಕೆ ಕೂಸು ನಿದ್ದೆ ಹೋಗಿತ್ತು, ಆರನೆಯದಕ್ಕೆ ಅರ್ಧ ಜನ ಊಟಕ್ಕೆ ಎದ್ದರು. ಏಳು ಸಲವೂ ಮೊದಲ ಸಲದ ಹಾಗೆ ಕೇಳಿದವಳು ನಾನೊಬ್ಬಳೇ.

ಅವತ್ತು ಮಧ್ಯಾಹ್ನವೇ ಸಣ್ಣತ್ತೆ ಅಕ್ಕನ ಮನೆಯ ಮುಂಬಾಗಿಲಿನಿಂದ ಒಳಗೆ ಹೋದಳು. ಜಗಳ ಮಾಡಲೆಂದೇ ಹೋದದ್ದು. ಆದರೆ ಅಕ್ಕ ಮಾತಾಡುವ ಹಾಗಿರಲಿಲ್ಲ. ಸಣ್ಣತ್ತೆ ಒಂದು ಮಾತು ಅನ್ನುವುದು, ಉತ್ತರ ಬಾರದೆ ತಳಮಳಿಸುವುದು, ಕಡೆಗೆ, “ನೀ ಹಿಂಗ ಅಂತೀದಿ, ಗೊತ್ತೈತಿ ನನಗ” ಎಂದು ಅಕ್ಕನ ಉತ್ತರವನ್ನೂ ತಾನೇ ಹೇಳಿ ಅದಕ್ಕೆ ತಾನೇ ಸಿಟ್ಟಾಗುವುದು. ದೊಡ್ಡತ್ತೆ ಭುಜ ಕುಣಿಸುತ್ತ ಸದ್ದಿಲ್ಲದೆ ನಗುತ್ತಿದ್ದಳು. ರಾತ್ರಿಯ ಊಟದ ಹೊತ್ತಿಗೂ ಸಣ್ಣತ್ತೆ ತನ್ನ ಮನೆಗೆ ಹೋಗಲಿಲ್ಲ.

ನಾಲ್ಕನೆಯ ದಿನ ನಾನು ಬ್ಲೌಸಿಗೆ ತೋಳು ಕೂರಿಸುತ್ತಿದ್ದಾಗ ಸಣ್ಣತ್ತೆ ಅಂಗಡಿಗೆ ಬಂದಳು. ಸೆರಗಿನ ಕೆಳಗೆ ಏನೋ ಮುಚ್ಚಿ ಹಿಡಿದಿದ್ದಳು. ತೆಗೆದರೆ ಒಂದು ಪಾಟಿ. ಬಳಪದ ಅಕ್ಷರ ಅಳಿಸದಿರಲೆಂದು ಬೆರಳ ತುದಿಯಲ್ಲಿ ಹಿಡಿದಿದ್ದಳು. ದೊಡ್ಡತ್ತೆ ನಾಲ್ಕನೆಯ ಇಯತ್ತೆ ಓದಿದವಳು. ಇವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ.

“ಅಕಿ ಏನ ಬರದಾಳ ಓದು. ಬೈದಿದ್ರ ಸಾವಕಾಶ ಓದು.”

ಎರಡು ಸಾಲಿದ್ದವು. ಮೊದಲನೆಯದನ್ನು ಓದಿದೆ: “ನಿನ್ನ ಪಾಲು ಭಾಳ ಚೊಲೊ ಹಾಡೀದಿ.”

“ಇನ್ನೊಮ್ಮೆ ಓದು.”

ಓದಿದೆ. ಅವಳು ಕಣ್ಣು ಮುಚ್ಚಿಕೊಂಡಿದ್ದಳು.

“ಇನ್ನೊಮ್ಮೆ.”

ಮೂರನೆಯ ಸಲ ಓದಿ ಎರಡನೆಯ ಸಾಲಿಗೆ ಬಾಯಿ ತೆರೆದೆ. ಅಲ್ಲಿ, “ಜರಾ ಲಗೂ ಆತು, ಓಡಸೀದಿ,” ಎಂದಿತ್ತು. ಸಣ್ಣತ್ತೆ ಪಾಟಿಯನ್ನು ನನ್ನ ಕೈಯಿಂದ ಕಸಿದು ಸೆರಗಿನ ಕೆಳಗೆ ಇಟ್ಟುಕೊಂಡಳು.

“ಸಾಕು. ಉಳದದ್ದು ಅಕಿನ ಹೇಳ್ಲಿ, ದನಿ ಬಂದ ಮ್ಯಾಲೆ,” ಎಂದು ಹೇಳಿ ಬಿರಬಿರನೆ ನಡೆದಳು.